ಮೊದಲು ಸಣ್ಣ ಡೋಸ್, ಆಮೇಲೆ ದೊಡ್ಡದು: ಬಾಲ ಚಿಕ್ಕದಾದರೆ ಡಿಎನ್‌ಎ ರಿಪೇರಿ ಚುರುಕಾಯಿತು ಅನ್ನಬಹುದಾ?

ಪೆಟ್ರಿಪ್ಲೇಟ್_ಯಶವಂತಪುರ | ಶನಿವಾರ, ಬೆಳಿಗ್ಗೆ 10:40

ಕಾಮೆಟ್ ಪರೀಕ್ಷೆ (ಕಡಿದ ಡಿಎನ್‌ಎ ಕರೆಂಟಿಗೆ ಸೆಲ್‌ನಿಂದ ಬಾಲದ ಹಾಗೆ ಹೊರಗೆ ಎಳೆದುಬರುತ್ತೆ, ಕಡಿತ ಹೆಚ್ಚಾದಷ್ಟೂ ಬಾಲ ದೊಡ್ಡದು) ಗೊತ್ತಿರುವವರು ಇಲ್ಲಿ ನಾಲ್ಕಾರು ಜನ ಇದ್ದೀರಿ, ಅದಕ್ಕೇ ಕೇಳ್ತಿರೋದು. ಮನುಷ್ಯನ ಚರ್ಮದ ಫೈಬ್ರೊಬ್ಲಾಸ್ಟ್ ಸೆಲ್‌ಗಳು. ಮೊದಲ ದಿನ 10 ಮೈಕ್ರೊಮೋಲಾರ್ ಹೈಡ್ರೋಜನ್ ಪೆರಾಕ್ಸೈಡ್ ಒಂದು ಗಂಟೆ, ಆಮೇಲೆ ಮೀಡಿಯಾ (ಸೆಲ್ ಬೆಳೆಯೋ ದ್ರವ) ಬದಲು. 24 ಗಂಟೆ ಬಿಟ್ಟು ಅದೇ ಮೀಡಿಯಾಕ್ಕೆ 100 ಮೈಕ್ರೊಮೋಲಾರ್. 30 ನಿಮಿಷ ಆದಮೇಲೆ ಟ್ರಿಪ್ಸಿನ್ ಹಾಕಿ ಸೆಲ್‌ಗಳನ್ನು ಪ್ಲೇಟಿನಿಂದ ಎಬ್ಬಿಸಿ ಕ್ಷಾರೀಯ ಕಾಮೆಟ್. ಮೊದಲ ಡೋಸ್ ಕಾಣದ ಸೆಲ್‌ಗಳಿಗಿಂತ ಬಾಲದಲ್ಲಿರುವ ಡಿಎನ್‌ಎ ಅರ್ಧಕ್ಕೂ ಕಡಿಮೆ. ಮೂರು ಸಲವೂ ಹೀಗೇ. ಮೀಡಿಯಾ ಡಿಎಂಇಎಂ, 10% ಸೀರಮ್. ಸೆಲ್‌ಗಳು ಹಾನಿಗೆ ಹೊಂದಿಕೊಂಡಿವೆ, ರಿಪೇರಿ ಚುರುಕಾಗಿದೆ ಅಂತ ಬರೆಯಬಹುದಾ?

ರಫು_ಅಂಗಡಿ | ಶನಿವಾರ, 11:05

ಬರೀಬೇಡಿ. ಸೊನ್ನೆ ನಿಮಿಷದ ಸ್ಲೈಡ್ ಎಲ್ಲಿ?

30 ನಿಮಿಷದ ಒಂದೇ ಬಿಂದು ಇಟ್ಟುಕೊಂಡು ವೇಗ ಹೇಳೋಕೆ ಬರಲ್ಲ. ಬಾಲ ಚಿಕ್ಕದಾಗೋದಕ್ಕೆ ಎರಡು ದಾರಿ ಇದೆ. ಏಟು ಬಿದ್ದದ್ದೇ ಕಡಿಮೆ, ಇಲ್ಲವಾದರೆ ಬಿದ್ದ ಏಟು ಬೇಗ ಮಾಯಿತು. ಪೆರಾಕ್ಸೈಡ್ ವಿಷಯದಲ್ಲಿ ಮೊದಲ ದಾರಿಯೇ ಹೆಚ್ಚು ಸಂಭವ. ಸಾಮಾನ್ಯವಾಗಿ ಕೀಪ್1 ಅನ್ನೋ ಪ್ರೋಟೀನು, ರಕ್ಷಣೆಯ ಜೀನ್‌ಗಳನ್ನು ಚಾಲೂ ಮಾಡೋ ಎನ್‌ಆರ್‌ಎಫ್2 ಅನ್ನು ಹುಟ್ಟಿದ ಹಾಗೆಲ್ಲ ನಾಶಕ್ಕೆ ಕಳಿಸ್ತಾ ಇರುತ್ತೆ. ಸಣ್ಣ ಡೋಸ್ ಪೆರಾಕ್ಸೈಡ್ ಕೀಪ್1ನ ಸಿಸ್ಟೀನ್‌ಗಳನ್ನು ಆಕ್ಸಿಡೈಸ್ ಮಾಡಿದರೆ ಆ ಕಳಿಸೋ ಕೆಲಸ ನಿಲ್ಲುತ್ತೆ, ಎನ್‌ಆರ್‌ಎಫ್2 ನ್ಯೂಕ್ಲಿಯಸ್‌ನಲ್ಲಿ ಸೇರಿಕೊಳ್ಳುತ್ತೆ, ಕೆಲವು ಗಂಟೆಗಳಲ್ಲಿ ಗ್ಲುಟಾಥಯೋನ್ ತಯಾರಿಸುವ ಕಿಣ್ವಗಳೂ ಥಯೋರೆಡಾಕ್ಸಿನ್ ಬಳಗವೂ ಏರುತ್ತವೆ. ಮರುದಿನ ನೀವು ಹಾಕಿದ 100 ಮೈಕ್ರೊಮೋಲಾರ್ ಡಿಎನ್‌ಎ ಹತ್ತಿರ ತಲುಪೋ ಮೊದಲೇ ಅರ್ಧ ಸತ್ತಿರುತ್ತೆ. ಅದು ಕಾವಲು. ರಿಪೇರಿ ಬೇರೆ.

ಬಿಡಿಸಿ ನೋಡೋ ದಾರಿ ಸುಲಭ. ಎರಡೂ ಗುಂಪಿಗೆ 0, 5, 10, 20, 40, 60 ನಿಮಿಷದ ಸ್ಲೈಡ್ ಮಾಡಿ. ಸೊನ್ನೆಯಲ್ಲೇ ಬಾಲ ಚಿಕ್ಕದಿದ್ದರೆ ಅದು ಕಾವಲಿನ ಫಲ. ಸೊನ್ನೆಯಲ್ಲಿ ಎರಡೂ ಸಮ ಇದ್ದು, ಒಂದು ಗೆರೆ ಬೇಗ ಇಳಿದರೆ ಮಾತ್ರ ರಿಪೇರಿಯ ಮಾತು ಎತ್ತಿ.

ಗ್ಲೈಕೊಸಿಲೇಸ್_ಗಾಂಧಿಬಜಾರ್ | ಶನಿವಾರ, 11:32

ಅದಕ್ಕೂ ಮುಂಚೆ ಒಂದು ಪ್ರಶ್ನೆ. ಡಿಎಂಇಎಂ ಬಾಟಲಿಯ ಮೇಲೆ ಸೋಡಿಯಂ ಪೈರುವೇಟ್ ಇದೆಯಾ ನೋಡಿ. ಲೀಟರಿಗೆ 110 ಮಿಲಿಗ್ರಾಂ ಅಂತಿದ್ದರೆ ಅದು 1 ಮಿಲಿಮೋಲಾರ್. ಪೈರುವೇಟ್ ಮತ್ತು ಪೆರಾಕ್ಸೈಡ್ ಒಂದಕ್ಕೊಂದು ಲೆಕ್ಕದಲ್ಲಿ ತಾವೇ ಕೂಡಿಕೊಳ್ಳುತ್ತವೆ, ಅಸಿಟೇಟ್, ಇಂಗಾಲದ ಡೈಆಕ್ಸೈಡ್, ನೀರು ಆಗಿ ಮುಗಿಯುತ್ತೆ. ಕಿಣ್ವ ಬೇಕಿಲ್ಲ. 10 ಮೈಕ್ರೊಮೋಲಾರ್ ಹಾಕಿದ ಜಾಗದಲ್ಲಿ ಅದಕ್ಕೆ ನೂರು ಪಟ್ಟು ಪೈರುವೇಟ್ ಕಾದು ಕೂತಿತ್ತು ಅಂದರೆ ನಿಮ್ಮ "ಸಣ್ಣ ಡೋಸ್" ಸೆಲ್ ಮುಟ್ಟಿದ್ದೇ ಅನುಮಾನ.

ಇನ್ನೊಂದು: ಮೊದಲ ಡೋಸ್ ಪ್ಲೇಟಿಗೆ ಮೀಡಿಯಾ ಬದಲಾಯಿಸಿದ್ದೀರಿ. ಹೋಲಿಕೆಯ ಪ್ಲೇಟಿಗೂ ಅದೇ ಹೊತ್ತಿಗೆ ಬದಲಾಯಿಸಿದ್ರಾ?

ಪೆಟ್ರಿಪ್ಲೇಟ್_ಯಶವಂತಪುರ | ಶನಿವಾರ, 11:50

ಪೈರುವೇಟ್ ಇದೆ, 110. ಹೋಲಿಕೆಯ ಪ್ಲೇಟ್ ಮುಟ್ಟಿಲ್ಲ.

ಗ್ಲೈಕೊಸಿಲೇಸ್_ಗಾಂಧಿಬಜಾರ್ | ಶನಿವಾರ, ಮಧ್ಯಾಹ್ನ 12:04

ಹಾಗಾದರೆ ನೀವು ಹೋಲಿಸ್ತಿರೋದು ಪೆರಾಕ್ಸೈಡ್ ಕಂಡ ಸೆಲ್ಲನ್ನೂ ಕಾಣದ ಸೆಲ್ಲನ್ನೂ ಅಲ್ಲ. ಒಂದು ದಿನದ ಮೀಡಿಯಾವನ್ನೂ ಎರಡು ದಿನದ ಮೀಡಿಯಾವನ್ನೂ. ಹಳೇ ಮೀಡಿಯಾದಲ್ಲಿ ಪೈರುವೇಟ್ ಎಷ್ಟು ಉಳಿದಿರುತ್ತೆ ಅನ್ನೋದು ಸೆಲ್ ಜಾತಿಯ ಮೇಲೆ ಹೋಗುತ್ತೆ, ಕೆಲವು ಅದನ್ನು ಕುಡಿಯುತ್ತವೆ, ಕೆಲವು ಹೊರಕ್ಕೆ ಬಿಡುತ್ತವೆ. ಎರಡನೇ ಡೋಸ್ ಅದೇ ಮೀಡಿಯಾಕ್ಕೆ ಸುರಿದಿದ್ದೀರಿ. ಮೂರು ಸಲವೂ ಒಂದೇ ಫಲಿತಾಂಶ ಬಂದದ್ದು ಒಂದೇ ತಪ್ಪು ಮೂರು ಸಲ ಆದದ್ದರಿಂದಲೂ ಇರಬಹುದು.

ಸರಿಪಡಿಸೋದು ಹೀಗೆ. ಹೋಲಿಕೆಯ ಪ್ಲೇಟಿಗೆ ಬರೀ ನೀರು ಸೇರಿಸಿ, ಉಳಿದ ಪ್ರತಿ ಹೆಜ್ಜೆಯನ್ನೂ ಸಮ ಮಾಡಿ. ಪೆರಾಕ್ಸೈಡ್ ಕೊಡುವಾಗ ಎರಡು ಸಲ ಪಿಬಿಎಸ್‌ನಲ್ಲಿ (ಉಪ್ಪಿನ ಬಫರ್) ತೊಳೆದು, ಪಿಬಿಎಸ್‌ನಲ್ಲೇ ಕೊಡಿ. ಬಾಟಲಿಯನ್ನೂ ನಂಬಬೇಡಿ. 30% ಅಂತ ಬರೆದಿರೋದು ತಾಜಾ ಇದ್ದಾಗ ಸುಮಾರು 9.8 ಮೋಲಾರ್, ತೆರೆದು ಆರು ತಿಂಗಳಾದರೆ ಎಷ್ಟೋ. 10 ಮಿಲಿಮೋಲಾರ್ ಅಂದುಕೊಂಡು ನೀರು ಬೆರೆಸಿ ತೆಳು ಮಾಡಿ 240 ನ್ಯಾನೊಮೀಟರ್‌ನಲ್ಲಿ ಓದಿ. 1 ಸೆಂಟಿಮೀಟರ್ ಕ್ಯುವೆಟ್‌ನಲ್ಲಿ 0.436 ಬರಬೇಕು, ಗುಣಾಂಕ 43.6. ಬಂದ ಸಂಖ್ಯೆಗೆ ತಕ್ಕಂತೆ ಲೆಕ್ಕ ತಿದ್ದಿಕೊಳ್ಳಿ. ಎರಡು ನಿಮಿಷದ ಕೆಲಸ, ಯಾರೂ ಮಾಡಲ್ಲ.

ಧಾರವಾಡ_ಪೇಢೆ | ಶನಿವಾರ, 12:40

ಸೆಲ್ ಎಣಿಸೀರೇನ್ರಿ? 5 ಮಿಲಿಲೀಟರ್‌ನಾಗ 100 ಮೈಕ್ರೊಮೋಲಾರ್ ಅಂದ್ರ ಒಟ್ಟು 500 ನ್ಯಾನೊಮೋಲ್. ಐದು ಲಕ್ಷ ಸೆಲ್ ಇದ್ರ ಒಂದಕ್ಕ 1 ಪಿಕೊಮೋಲ್ ಬೀಳ್ತೈತಿ, ಹತ್ತು ಲಕ್ಷ ಇದ್ರ ಅರ್ಧ. ಪೆರಾಕ್ಸೈಡಿಗೆ ಸಾಂದ್ರತೆ ಹೇಳಿದ್ರ ಸಾಲೂದಿಲ್ಲ, ತಲಾ ಎಷ್ಟು ಅಂತ ಹೇಳಬೇಕು. ಸೆಲ್ ದಟ್ಟ ಇದ್ದ ಪ್ಲೇಟ್ ತಾನ ಕ್ಯಾಟಲೇಸ್ ಹಚ್ಚಿ ಪೆರಾಕ್ಸೈಡ್ ನುಂಗಿ ಕುಂದರ್ತೈತಿ.

ಮತ್ತ ಟ್ರಿಪ್ಸಿನ್ 37 ಡಿಗ್ರಿಗೆ ಐದು ನಿಮಿಷ ಇಟ್ರಿ ಅಂದ್ರ ಆ ಐದು ನಿಮಿಷನೂ ರಿಪೇರಿ ನಡದಿರ್ತೈತಿ. ಒಂಟಿ ಎಳೆ ಕಡಿತ ಅರ್ಧ ಕಮ್ಮಿ ಆಗಾಕ ಹತ್ತಿಪ್ಪತ್ತು ನಿಮಿಷ ಸಾಕು. ನಿಮ್ಮ ಗಡಿಯಾರ ಎಲ್ಲಿಂದ ಶುರು ಅಂತ ನಿಮಗ ಗೊತ್ತಿಲ್ಲ.

ರಫು_ಅಂಗಡಿ | ಶನಿವಾರ, 1:15

ಟ್ರಿಪ್ಸಿನ್ ಮಾತು ನೂರಕ್ಕೆ ನೂರು ನಿಜ. ಸೆಲ್‌ಗಳನ್ನು ಮೊದಲು ಎಬ್ಬಿಸಿ, ಅಗರೋಸ್‌ನಲ್ಲಿ ಕೂರಿಸಿ, ಸ್ಲೈಡ್ ಮೇಲೇ ಡೋಸ್ ಕೊಡಿ. ಐಸ್ ಮೇಲೆ ಐದು ನಿಮಿಷ ಪೆರಾಕ್ಸೈಡ್, ತಣ್ಣನೆ ಪಿಬಿಎಸ್‌ನಲ್ಲಿ ತೊಳೆತ. ಸೊನ್ನೆಯ ಸ್ಲೈಡ್ ನೇರ ಲೈಸಿಸ್‌ಗೆ (ಸೆಲ್ ಒಡೆಯೋ ದ್ರಾವಣ), ಉಳಿದವು 37 ಡಿಗ್ರಿ ಮೀಡಿಯಾಕ್ಕೆ, ಒಂದೊಂದನ್ನೇ ಗಡಿಯಾರ ನೋಡಿ ಎತ್ತಿ. ಐಸ್‌ನಲ್ಲಿ ಕಿಣ್ವಗಳು ಹೆಚ್ಚುಕಡಿಮೆ ನಿಂತಿರುತ್ತವೆ, ಪೆರಾಕ್ಸೈಡ್ ಮಾತ್ರ ತನ್ನ ಕೆಲಸ ಮಾಡುತ್ತೆ.

ಕಾವಲಿನ ಗೊಂದಲವನ್ನು ಇನ್ನೂ ಕಡಿಮೆ ಮಾಡಬೇಕಾದರೆ ಎರಡನೇ ಡೋಸ್ ಪೆರಾಕ್ಸೈಡ್ ಬಿಟ್ಟು ಎಕ್ಸ್‌ರೇ ಅಥವಾ ಗಾಮಾ ಕೊಡಿ, ಐಸ್ ಮೇಲೆ. 1 ಗ್ರೇಗೆ ಒಂದು ಸೆಲ್‌ನಲ್ಲಿ ಸುಮಾರು 1,000 ಒಂಟಿ ಎಳೆ ಕಡಿತ, 20ರಿಂದ 40 ಜೋಡಿ ಎಳೆ ಕಡಿತ. ಕ್ಯಾಟಲೇಸ್ ಇದನ್ನು ತಡೆಯಲ್ಲ. ವಿಕಿರಣದ ಏಟಿನ ದೊಡ್ಡ ಪಾಲು ನೀರು ಒಡೆದು ಹುಟ್ಟುವ ಹೈಡ್ರಾಕ್ಸಿಲ್ ರಾಡಿಕಲ್ ಮೂಲಕ ಬೀಳೋದರಿಂದ ಗ್ಲುಟಾಥಯೋನ್ ಸ್ವಲ್ಪ ಅಡ್ಡ ಬರುತ್ತೆ, ಪೂರ್ತಿ ಹೊರತು ಅನ್ನಲ್ಲ. ಅದಕ್ಕೂ ಉತ್ತರ ಸೊನ್ನೆಯ ಸ್ಲೈಡೇ. ಕೋಬಾಲ್ಟ್-60 ಮೂಲ ಸಿಕ್ಕರೆ ಗೋಡೆಗೆ ಅಂಟಿಸಿರೋ ಡೋಸ್ ಪಟ್ಟಿಯ ತಾರೀಖು ನೋಡಿ. ಅರ್ಧಾಯು 5.27 ವರ್ಷ, ತಿಂಗಳಿಗೆ 1%ಗಿಂತ ತುಸು ಹೆಚ್ಚು ಇಳಿಯುತ್ತೆ. ವರ್ಷದ ಹಳೇ ಪಟ್ಟಿ ಅಂದರೆ ಡೋಸ್ 12% ಕಡಿಮೆ.

ಕೋಶಕೋಶಾಧಿಕಾರಿ | ಶನಿವಾರ, ಸಂಜೆ 5:20

"ಹೊಂದಿಕೊಳ್ಳುವುದು" ಎಂಬ ಒಂದು ಪದದೊಳಗೆ ಮೂರು ಬೇರೆ ಸಂಗತಿಗಳನ್ನು ತುರುಕುತ್ತಿದ್ದೇವೆ. ಬಿಡಿಸಿಡುವುದು ಒಳ್ಳೆಯದು.

ಒಂದು, ಸಣ್ಣ ಏಟು ದೊಡ್ಡ ಏಟಿಗೆ ಸಿದ್ಧಮಾಡುವುದು. ಬ್ಯಾಕ್ಟೀರಿಯಾದಲ್ಲಿ ಇದನ್ನು 1977ರಲ್ಲಿ ಸ್ಯಾಮ್ಸನ್ ಮತ್ತು ಕೇರ್ನ್ಸ್ ತೋರಿಸಿದರು. ಅಲ್ಲಿ ಆಡಾ ಪ್ರೋಟೀನು ಮೀಥೈಲ್ ಗುಂಪನ್ನು ತನ್ನ ಮೈಮೇಲೆ ಎಳೆದುಕೊಂಡು, ಅದೇ ಗುರುತಿನಿಂದ ತನ್ನದೇ ಜೀನ್ ಅನ್ನು ಚಾಲೂ ಮಾಡುತ್ತದೆ. ಮನುಷ್ಯರ ಎಂಜಿಎಂಟಿ ಅದರ ನೆಂಟ. ಒಂದು ಅಣು ಒಂದೇ ಮೀಥೈಲ್ ತೆಗೆಯುತ್ತದೆ, ಆಮೇಲೆ ತಾನೇ ನಾಶವಾಗುತ್ತದೆ. ಆದರೆ ಆಡಾದಂತೆ ತನ್ನನ್ನು ತಾನು ಹೆಚ್ಚಿಸಿಕೊಳ್ಳುವ ಸ್ವಿಚ್ ಅದಕ್ಕಿಲ್ಲ. ಮನುಷ್ಯರ ಲಿಂಫೊಸೈಟ್‌ಗಳಲ್ಲಿ ವಿಕಿರಣದ ಹೊಂದಾಣಿಕೆ ವರದಿಯಾದದ್ದು 1984ರಲ್ಲಿ. ಟ್ರಿಷಿಯಂ ಸೇರಿದ ಥೈಮಿಡಿನ್‌ನಲ್ಲಿ ಬೆಳೆದ ಸೆಲ್‌ಗಳಿಗೆ 1.5 ಗ್ರೇ ಎಕ್ಸ್‌ರೇ ಕೊಟ್ಟಾಗ ವರ್ಣತಂತು ಮುರಿತಗಳು ನಿರೀಕ್ಷೆಗಿಂತ ಕಡಿಮೆ ಕಂಡವು. ಆ ಸ್ಥಿತಿ ಮೂಡಲು ನಾಲ್ಕಾರು ಗಂಟೆ ಬೇಕು, ಪ್ರೋಟೀನು ತಯಾರಿ ತಡೆದರೆ ಮೂಡುವುದಿಲ್ಲ, ಡಿಎನ್‌ಎ ಕಡಿತ ಗುರುತಿಸುವ ಪಾರ್ಪ್ ಕಿಣ್ವ ತಡೆದರೂ ಇಲ್ಲ. ಎಲ್ಲ ದಾನಿಗಳ ರಕ್ತದಲ್ಲೂ ಕಾಣುವುದಿಲ್ಲ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಎರಡು, ಹಾನಿ ಇದ್ದರೂ ದಾಟಿ ಹೋಗುವುದು. ಥೈಮಿನ್ ಜೋಡಿ ಅಂಟಿಕೊಂಡ ಜಾಗದಲ್ಲಿ ನಕಲು ಯಂತ್ರ ನಿಂತರೆ, ಆರ್‌ಎಡಿ18 ಎಂಬ ಕಿಣ್ವ ಆ ಯಂತ್ರವನ್ನು ಡಿಎನ್‌ಎಗೆ ಹಿಡಿದಿಡುವ ಪಿಸಿಎನ್‌ಎ ಉಂಗುರಕ್ಕೆ ಯುಬಿಕ್ವಿಟಿನ್ ಎಂಬ ಗುರುತು ಅಂಟಿಸುತ್ತದೆ, ಪಾಲಿಮರೇಸ್ ಈಟಾ ಬಂದು ಎರಡು ಅಡೆನಿನ್ ಹಾಕಿ ಮುಂದೆ ಕಳಿಸುತ್ತದೆ. ಹಾನಿ ಅಲ್ಲೇ ಉಳಿಯಿತು. ಇದನ್ನು ರಿಪೇರಿ ಎನ್ನುವುದು ತಪ್ಪು, ಸಹಿಷ್ಣುತೆ ಎನ್ನಬೇಕು. ಈ ಪಾಲಿಮರೇಸ್ ಇಲ್ಲದವರಿಗೆ ಬಿಸಿಲು ತಾಳದ ಚರ್ಮದ ಕಾಯಿಲೆ ಕ್ಸೀರೊಡರ್ಮಾದ ಒಂದು ಬಗೆ ಬರುತ್ತದೆ ಎಂಬುದು 1999ರಲ್ಲಿ ಗೊತ್ತಾಯಿತು. ಅವರ ಕತ್ತರಿಸುವ ರಿಪೇರಿ ಸರಿಯಾಗಿಯೇ ಇರುತ್ತದೆ.

ಮೂರು, ತಪಾಸಣೆ ಠಾಣೆ ಸೋತು ಬಿಟ್ಟುಕೊಡುವುದು. ಕಡಿತ ಉಳಿದಿರುವಾಗಲೇ ಸೆಲ್ ವಿಭಜನೆಗೆ ನುಗ್ಗುತ್ತದೆ. ಯೀಸ್ಟ್‌ನಲ್ಲಿ ಮೊದಲು ಕಂಡದ್ದು, ಮನುಷ್ಯರ ಕ್ಯಾನ್ಸರ್ ಸೆಲ್‌ಗಳಲ್ಲೂ ಇದೆ. ಇದನ್ನು ಬಿಟ್ಟು ನೋಡಿದರೂ ಜಿ2 ಠಾಣೆ (ವಿಭಜನೆಗೆ ಮುಂಚಿನದು) ಅಷ್ಟು ಸೂಕ್ಷ್ಮವೇನಲ್ಲ. ಸುಮಾರು 10ರಿಂದ 20 ಜೋಡಿ ಕಡಿತ ಉಳಿದಿದ್ದರೂ ಬಾಗಿಲು ತೆರೆದುಬಿಡುತ್ತದೆ.

ಮೊದಲನೆಯದರಿಂದ ವರ್ಣತಂತು ಮುರಿತ ಕಡಿಮೆಯಾಗುತ್ತದೆ, ಮೂರನೆಯದರಿಂದ ಹೆಚ್ಚಾಗುತ್ತದೆ. ಎರಡಕ್ಕೂ ಒಂದೇ ಹೆಸರಿಟ್ಟರೆ ಓದುವವರ ಗತಿ ಏನು?

ಫಿಲ್ಟರ್_ಕಾಫಿ_ಬಸವನಗುಡಿ | ಶನಿವಾರ, ರಾತ್ರಿ 8:02

ಅಡ್ಡಪ್ರಶ್ನೆ. ಡಿಎನ್‌ಎ ಹಾನಿಯ ಸುದ್ದಿ ಮುಟ್ಟಿಸೋ ಎಟಿಎಂ, ಎಟಿಆರ್ ಕೈನೇಸ್‌ಗಳನ್ನು ಕೆಫೀನ್ ತಡೆಯುತ್ತೆ ಅಂತ ಪ್ರತಿ ಪಠ್ಯದಲ್ಲೂ ಇದೆ. ಹಾಗಾದರೆ ದಿನಕ್ಕೆ ಮೂರು ಲೋಟ ಕುಡಿಯೋ ಬೆಂಗಳೂರಿನವರ ರಿಪೇರಿ ಏನಾಗಬೇಕು?

ಗ್ಲೈಕೊಸಿಲೇಸ್_ಗಾಂಧಿಬಜಾರ್ | ಶನಿವಾರ, ರಾತ್ರಿ 8:30

ಏನೂ ಆಗಲ್ಲ, ಲೆಕ್ಕ ಹಾಕಿ. ಒಂದು ಲೋಟದಲ್ಲಿ 100 ಮಿಲಿಗ್ರಾಂ ಕೆಫೀನ್ ಅನ್ನಿ. ಅಣುತೂಕ 194, ಅಂದರೆ ಸುಮಾರು 0.5 ಮಿಲಿಮೋಲ್. ಅದು ಮೈಯ ಸುಮಾರು 40 ಲೀಟರ್ ನೀರಿನಲ್ಲಿ ಹರಡಿದರೆ 13 ಮೈಕ್ರೊಮೋಲಾರ್. ಪ್ರನಾಳದಲ್ಲಿ ಎಟಿಎಂ ಅರ್ಧಕ್ಕೆ ಇಳಿಯೋಕೆ 200 ಮೈಕ್ರೊಮೋಲಾರ್, ಎಟಿಆರ್‌ಗೆ 1 ಮಿಲಿಮೋಲಾರ್ ಮೀರಿ ಬೇಕು. ಕಾಫಿ ಕುಡೀರಿ.

ಆದರೆ ಕಾಫಿಯನ್ನು ಸೆಲ್ ಮೇಲೆ ಸುರೀಬೇಡಿ. ಕಾಫಿ, ಟೀ, ನೆಲ್ಲಿಕಾಯಿ ರಸ, ಯಾವುದೇ ಪಾಲಿಫೀನಾಲ್ ಮೀಡಿಯಾದಲ್ಲಿ ತಾನೇ ಆಕ್ಸಿಡೈಸ್ ಆಗಿ ಪೆರಾಕ್ಸೈಡ್ ಹುಟ್ಟಿಸುತ್ತೆ. "ಗಿಡಮೂಲಿಕೆ ಸಾರ ಕ್ಯಾನ್ಸರ್ ಸೆಲ್ ಕೊಂದಿತು" ಅನ್ನೋ ಫಲಿತಾಂಶಗಳಲ್ಲಿ ಎಷ್ಟೋ ಇದೇ. ಪ್ಲೇಟಿನ ಪಕ್ಕದ ಗುಳಿಗೆ ಕ್ಯಾಟಲೇಸ್ ಸೇರಿಸಿ ನೋಡಿ, ಪರಿಣಾಮ ಮಾಯವಾದರೆ ಗಿಡದ ಮಹಿಮೆ ಅಲ್ಲ. ಮೀಡಿಯಾವನ್ನು ಟ್ಯೂಬ್‌ಲೈಟ್ ಕೆಳಗೆ ಗಂಟೆಗಟ್ಟಲೆ ಇಟ್ಟರೂ ರೈಬೊಫ್ಲಾವಿನ್ ದೆಸೆಯಿಂದ ಪೆರಾಕ್ಸೈಡ್ ಆಗುತ್ತೆ.

ಪೆಟ್ರಿಪ್ಲೇಟ್_ಯಶವಂತಪುರ | ಭಾನುವಾರ, ಬೆಳಿಗ್ಗೆ 9:10

ಎಲ್ಲ ಬರೆದುಕೊಂಡೆ. 60 ನಿಮಿಷಕ್ಕೆ ಬಾಲ ಪೂರ್ತಿ ಹೋದರೆ ರಿಪೇರಿ ಮುಗಿಯಿತು ಅನ್ನಬಹುದಲ್ಲ?

ಕೋಶಕೋಶಾಧಿಕಾರಿ | ಭಾನುವಾರ, 9:55

ಕ್ಷಾರೀಯ ಕಾಮೆಟ್ ಮುಖ್ಯವಾಗಿ ತೋರಿಸುವುದು ಒಂಟಿ ಎಳೆ ಕಡಿತ ಮತ್ತು ಕ್ಷಾರಕ್ಕೆ ಒಡೆಯುವ ಜಾಗಗಳನ್ನು. ಸಾವಿರ ಒಂಟಿ ಕಡಿತಗಳ ನಡುವೆ ಮೂವತ್ತು ಜೋಡಿ ಕಡಿತ ಕಾಣುವುದಿಲ್ಲ. ಬಾಲ ಮಾಯವಾದಾಗ ಸುಲಭದ ಕೆಲಸ ಮುಗಿದಿದೆ, ಅಷ್ಟೆ.

8-ಆಕ್ಸೊಗ್ವಾನಿನ್‌ನಂತಹ ಕೆಟ್ಟ ಬೇಸ್‌ಗಳು ಎಳೆ ಕಡಿಯದೆ ಕೂತಿರುತ್ತವೆ, ಬಾಲಕ್ಕೆ ಬರುವುದೇ ಇಲ್ಲ. ಲೈಸಿಸ್ ಆದಮೇಲೆ ಎಫ್‌ಪಿಜಿ ಕಿಣ್ವದಲ್ಲಿ 37 ಡಿಗ್ರಿಗೆ 30 ನಿಮಿಷ ಇಡಿ, ಅದು ಆ ಬೇಸ್ ಕಿತ್ತು ಎಳೆ ಕಡಿಯುತ್ತದೆ. ಪಕ್ಕದ ಸ್ಲೈಡ್‌ಗೆ ಕಿಣ್ವವಿಲ್ಲದ ಬಫರ್ ಮಾತ್ರ. ಎರಡರ ವ್ಯತ್ಯಾಸವೇ ನಿಮಗೆ ಬೇಕಾದ ಸಂಖ್ಯೆ. ಸೆಲ್ ಒಳಗೆ ಈ ಕೆಲಸ ಓಜಿಜಿ1 ಮಾಡುತ್ತದೆ. ಆಮೇಲೆ ಎಪಿಇ1 ಎಳೆ ಕಡಿದು, ಪಾಲಿಮರೇಸ್ ಬೀಟಾ ಒಂದು ನ್ಯೂಕ್ಲಿಯೊಟೈಡ್ ತುಂಬಿ, ಎಕ್ಸ್‌ಆರ್‌ಸಿಸಿ1 ಜೊತೆಗಿರುವ ಲೈಗೇಸ್ 3 ಹೊಲಿಗೆ ಹಾಕುತ್ತದೆ. ಏನೂ ಕೊಡದ ಸೆಲ್‌ನಲ್ಲೂ ಇದು ನಿಲ್ಲುವುದಿಲ್ಲ. ಬರೀ ನೀರಿನ ಸಹವಾಸದಿಂದಲೇ ದಿನಕ್ಕೆ ಸುಮಾರು 10,000 ಪ್ಯೂರಿನ್‌ಗಳು ಉದುರುತ್ತವೆ ಎಂಬುದು ಲಿಂಡಾಲ್ ಅವರ ಅಂದಾಜು. 2015ರ ರಸಾಯನಶಾಸ್ತ್ರ ನೊಬೆಲ್ ಪಡೆದ ಮೂವರಲ್ಲಿ ಅವರೊಬ್ಬರು.

ರಫು_ಅಂಗಡಿ | ಭಾನುವಾರ, 10:20

ಜೋಡಿ ಕಡಿತಕ್ಕೆ ಗಾಮಾ ಎಚ್‌2ಎಎಕ್ಸ್ (ಕಡಿತದ ಸುತ್ತ ಮೂಡೋ ಪ್ರೋಟೀನು ಗುರುತು) ಚುಕ್ಕೆ ಎಣಿಸಿ. 30 ನಿಮಿಷದ ಆಸುಪಾಸಿಗೆ ಶಿಖರ, 24 ಗಂಟೆಗೆ ಬಹುಪಾಲು ತಳಕ್ಕೆ. 4% ಪ್ಯಾರಾಫಾರ್ಮಾಲ್ಡಿಹೈಡ್ 10–15 ನಿಮಿಷ, 0.2% ಟ್ರೈಟಾನ್ 10 ನಿಮಿಷ, 3% ಬಿಎಸ್‌ಎ ಒಂದು ಗಂಟೆ, ಆಂಟಿಬಾಡಿ 4 ಡಿಗ್ರಿಯಲ್ಲಿ ರಾತ್ರಿಯಿಡೀ. ಎಸ್ ಹಂತದ, ಅಂದರೆ ಡಿಎನ್‌ಎ ನಕಲು ಮಾಡ್ತಿರೋ ಸೆಲ್‌ಗಳಲ್ಲಿ ಏಟಿಲ್ಲದೆಯೂ ಚುಕ್ಕೆ ಇರುತ್ತೆ, ಅದಕ್ಕೆ ಹೊಸ ಡಿಎನ್‌ಎಯಲ್ಲಿ ಸೇರಿಕೊಳ್ಳೋ ಇಡಿಯು ಹಾಕಿ ಅವನ್ನು ಗುರುತಿಸಿ ಬದಿಗಿಡಿ. ಜೋಡಿ ಕಡಿತದಲ್ಲಿ ಸೇರೋ ಇನ್ನೊಂದು ಪ್ರೋಟೀನು 53ಬಿಪಿ1 ಜೊತೆಗೆ ಕೂಡಿ ಬಂದ ಚುಕ್ಕೆಗಳನ್ನೇ ಎಣಿಸಿದರೆ ಕಸ ಕಡಿಮೆ.

ಚಿಕ್ಕಪೇಟೆಯಲ್ಲಿ ಸೀರೆ ರಫು ಮಾಡಿಸಿದವರಿಗೆ ಎರಡು ದಾರಿ ಗೊತ್ತಿರುತ್ತೆ. ಹರಿದ ಎರಡು ಅಂಚು ಹತ್ತಿರ ತಂದು ಹೊಲಿದರೆ ಬೇಗ ಆಗುತ್ತೆ, ಆದರೆ ಅಲ್ಲೊಂದು ಸುಕ್ಕು. ಕು ಜೋಡಿ, ಡಿಎನ್‌ಎ-ಪಿಕೆ, ಲೈಗೇಸ್ 4 ಮಾಡೋದು ಇದು, ಎಲ್ಲ ಹಂತದಲ್ಲೂ. ಇನ್ನೊಂದು, ಅದೇ ವಿನ್ಯಾಸದ ಇನ್ನೊಂದು ಸೀರೆ ಪಕ್ಕಕ್ಕಿಟ್ಟು ಎಳೆ ಎಳೆ ನೋಡಿ ನೇಯೋದು. ಬಿಆರ್‌ಸಿಎ2 ತಂದು ಕೂರಿಸುವ ಆರ್‌ಎಡಿ51 ಮಾಡೋದು ಅದು, ಆದರೆ ಜೋಡಿ ಸೀರೆ ಅಂದರೆ ಸೋದರ ಎಳೆ ಇರೋದು ಎಸ್, ಜಿ2ನಲ್ಲಿ ಮಾತ್ರ. ದಟ್ಟವಾಗಿ ತುಂಬಿ ಬೆಳವಣಿಗೆ ನಿಲ್ಲಿಸಿದ ನಿಮ್ಮ ಫೈಬ್ರೊಬ್ಲಾಸ್ಟ್ ಬಹುತೇಕ ಜಿ1ನಲ್ಲಿ ಇರುತ್ತೆ, ಅಲ್ಲಿ ಬಿಆರ್‌ಸಿಎ ಬಗ್ಗೆ ಮಾತಾಡೋಕೆ ಏನೂ ಇಲ್ಲ.

ಫಿಲ್ಟರ್_ಕಾಫಿ_ಬಸವನಗುಡಿ | ಭಾನುವಾರ, 11:00

ಅಂಚು ಹೊಲಿಯೋ ದಾರಿ ಮುಚ್ಚಬೇಕಾದರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನ ಎಸ್‌ಸಿಆರ್7 ಆಗಲ್ವಾ?

ರಫು_ಅಂಗಡಿ | ಭಾನುವಾರ, 11:18

2012ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ, ಅಂದರೆ ಅದೇ ಟಾಟಾ ಇನ್‌ಸ್ಟಿಟ್ಯೂಟ್‌ನಿಂದ, ಲೈಗೇಸ್ 4 ತಡೆ ಅಂತ ಬಂತು, ಜೀನ್ ತಿದ್ದುಪಡಿ ಮಾಡೋರು ಮುಗಿಬಿದ್ದು ಬಳಸಿದರು. 2016ರಲ್ಲಿ ಬೇರೊಂದು ತಂಡ ಅದು ಲೈಗೇಸ್ 4ಕ್ಕೆ ಅಷ್ಟು ನಿಖರವಲ್ಲ, ಪ್ರಬಲವೂ ಅಲ್ಲ ಅಂತ ಬರೆಯಿತು. ವಾದ ಏನೇ ಇರಲಿ, ಪರೀಕ್ಷೆಗೆ ಒಂದೇ ತಡೆ ನಂಬಬೇಡಿ. ಡಿಎನ್‌ಎ-ಪಿಕೆಗೆ ಎನ್‌ಯು7441 1 ಮೈಕ್ರೊಮೋಲಾರ್, ಜೊತೆಗೆ ಲೈಗೇಸ್ 4 ಜೀನ್ ಕಿತ್ತ ಸೆಲ್. ಎರಡೂ ಒಂದೇ ಹೇಳಿದರೆ ಸರಿ.

ಧಾರವಾಡ_ಪೇಢೆ | ಭಾನುವಾರ, 11:45

ಯುವಿ ಮಾಡವರಿಗೆ ಒಂದು ಮಾತು. ಬಾಲ ಬಂತಂದ್ರ ಹಾನಿ ಅಂತ ತಿಳೀಬ್ಯಾಡ್ರಿ. ಯುವಿ ತಾನ ಎಳೆ ಕಡಿಯೂದು ಭಾಳ ಕಮ್ಮಿ, ಥೈಮಿನ್ ಅಂಟಸ್ತೈತಿ. ರಿಪೇರಿಯವರು ಬಂದು ಎಕ್ಸ್‌ಪಿಎಫ್, ಎಕ್ಸ್‌ಪಿಜಿ ಕತ್ತರಿ ಹಾಕಿ ಸುಮಾರು 30 ನ್ಯೂಕ್ಲಿಯೊಟೈಡ್ ತುಂಡು ತೆಗದಾಗ ಬಾಲ ಬರ್ತೈತಿ. ಈ ಕತ್ತರಿ ಕೆಲಸಕ್ಕ ಬೇಕಾದ ಎಕ್ಸ್‌ಪಿಎ ಪ್ರೋಟೀನು ಇಲ್ಲದ ಸೆಲ್ಲಿಗೆ ಯುವಿ ಕೊಡ್ರಿ, ಬಾಲನ ಏಳೂದಿಲ್ಲ. ಹಾನಿ ಎಲ್ಲಾ ಹಂಗ ಐತಿ, ಕತ್ತರಿನ ಇಲ್ಲ! ತುಂಬೂ ಕೆಲಸ ತಡೀಲಿಕ್ಕೆ ಹೈಡ್ರಾಕ್ಸಿಯೂರಿಯಾ, ಅರಾ-ಸಿ ಹಾಕಿದ್ರ ಕಡಿತ ಹಂಗ ನಿಂತು ಬಾಲ ಚಂದ ಕಾಣ್ತೈತಿ, ಕತ್ತರಿ ವೇಗ ಅಳೀಬಹುದು.

ಡೋಸ್ ಕೊಡುವಾಗ ಪ್ಲೇಟಿನ ಮುಚ್ಚಳ ತಗೀರಿ, ಪ್ಲಾಸ್ಟಿಕ್ 254 ನ್ಯಾನೊಮೀಟರ್ ಬಿಡೂದಿಲ್ಲ. ಮೀಡಿಯಾನೂ ತಗೀರಿ. ದೀಪ ಚದರ ಮೀಟರಿಗೆ 0.5 ವ್ಯಾಟ್ ಕೊಟ್ರ 20 ಸೆಕೆಂಡಿಗೆ 10 ಜೂಲ್. ದೀಪ ಹಚ್ಚಿ ಹತ್ತು ನಿಮಿಷ ಬಿಟ್ಟು ಮೀಟರ್ ಹಿಡೀರಿ. ಇಲಿ, ಹ್ಯಾಮ್‌ಸ್ಟರ್ ಸೆಲ್‌ನಾಗ ಥೈಮಿನ್ ಜೋಡಿ ತಗಿಯೂದು ಮನುಷ್ಯರಿಗಿಂತ ಭಾಳ ನಿಧಾನ, ಆ ಸಂಖ್ಯೆ ತಂದು ಇಲ್ಲಿ ಹಚ್ಚಬ್ಯಾಡ್ರಿ.

ಗ್ಲೈಕೊಸಿಲೇಸ್_ಗಾಂಧಿಬಜಾರ್ | ಭಾನುವಾರ, ಮಧ್ಯಾಹ್ನ 12:30

ಇನ್ನು ಬೆಂಗಳೂರಿನ ಏಪ್ರಿಲ್. ಎಲೆಕ್ಟ್ರೊಫೊರೆಸಿಸ್ ತೊಟ್ಟಿಯನ್ನು ಕೋಣೆಯ ಬಿಸಿಗೆ ಬಿಟ್ಟರೆ, 300 ಮಿಲಿಆಂಪ್ ಹರಿಯುವಾಗ ದ್ರಾವಣ ಇನ್ನೂ ಬಿಸಿಯಾಗಿ ಏನೂ ಕೊಡದ ಸೆಲ್‌ಗೂ ಬಾಲ ಬರುತ್ತೆ, ಜೆಲ್ ಜಾರುತ್ತೆ. ತೊಟ್ಟಿ ಕೋಲ್ಡ್ ರೂಮಿನಲ್ಲಿರಲಿ, ಇಲ್ಲದಿದ್ದರೆ ಐಸ್ ತಟ್ಟೆಯ ಮೇಲೆ. ದ್ರಾವಣ ಲೀಟರಿಗೆ 12 ಗ್ರಾಂ ಸೋಡಿಯಂ ಹೈಡ್ರಾಕ್ಸೈಡ್, 0.5 ಮೋಲಾರ್ ಇಡಿಟಿಎ 2 ಮಿಲಿಲೀಟರ್, ಅವತ್ತಿನದು ಅವತ್ತೇ. ಪಿಎಚ್ ಮೀಟರಿನ ಸಾಮಾನ್ಯ ಗಾಜಿನ ಎಲೆಕ್ಟ್ರೋಡ್ ಪಿಎಚ್ 13ರ ಮೇಲೆ ಸೋಡಿಯಂನಿಂದ ಕಡಿಮೆ ತೋರಿಸುತ್ತೆ, ಅದನ್ನು ನೋಡಿ ಇನ್ನಷ್ಟು ಕ್ಷಾರ ಸುರೀಬೇಡಿ, ತೂಕವನ್ನೇ ನಂಬಿ.

ಲೈಸಿಸ್‌ಗೆ ಲೀಟರಿಗೆ 146 ಗ್ರಾಂ ಉಪ್ಪು, 37.2 ಗ್ರಾಂ ಇಡಿಟಿಎ, 1.2 ಗ್ರಾಂ ಟ್ರಿಸ್, ಪಿಎಚ್ 10. ಇಡಿಟಿಎ ಪಿಎಚ್ 8 ದಾಟದೆ ಕರಗಲ್ಲ, ಕಲಕಿ ಕಲಕಿ ಸುಸ್ತಾಗಬೇಡಿ, ಮೊದಲು ಕ್ಷಾರ ಹಾಕಿ. ಟ್ರೈಟಾನ್ 1% ಬಳಸೋ ಹೊತ್ತಿಗೆ. 4 ಡಿಗ್ರಿಯಲ್ಲಿ ಕನಿಷ್ಠ ಒಂದು ಗಂಟೆ. ಕ್ಷಾರದಲ್ಲಿ ಡಿಎನ್‌ಎ ಎಳೆ ಬಿಚ್ಚಿಕೊಳ್ಳೋಕೆ 20ರಿಂದ 40 ನಿಮಿಷ, ಒಂದು ಆರಿಸಿಕೊಂಡರೆ ಕೊನೇತನಕ ಅದೇ. ಸೆಂಟಿಮೀಟರಿಗೆ 0.7ರಿಂದ 1 ವೋಲ್ಟ್, ಅದನ್ನು ಅಳೀಬೇಕಾದ್ದು ಸ್ಲೈಡ್ ಕೂರೋ ವೇದಿಕೆಯ ಎರಡು ತುದಿಯಲ್ಲಿ, ಎಲೆಕ್ಟ್ರೋಡ್‌ಗಳ ನಡುವೆ ಅಲ್ಲ.

ಓಟದ ಮಧ್ಯೆ ಕರೆಂಟ್ ಹೋದರೆ? ಬಂದಮೇಲೆ ಉಳಿದ ನಿಮಿಷ ಓಡಿಸ್ತೀನಿ ಅನ್ನೋದು ಕೆಲಸಕ್ಕೆ ಬರಲ್ಲ. ಕರೆಂಟಿಲ್ಲದ ಹೊತ್ತಲ್ಲೂ ಸ್ಲೈಡ್ ಕ್ಷಾರದಲ್ಲೇ ಕೂತು ಇನ್ನಷ್ಟು ಬಿಚ್ಚಿಕೊಂಡಿರುತ್ತೆ. ಆ ಸಲದ ಸ್ಲೈಡ್‌ಗಳನ್ನೆಲ್ಲ ಬಿಸಾಕಿ. ಪವರ್ ಸಪ್ಲೈಯನ್ನು ಯುಪಿಎಸ್‌ಗೆ ಹಾಕಿ.

ಪೆಟ್ರಿಪ್ಲೇಟ್_ಯಶವಂತಪುರ | ಭಾನುವಾರ, ಸಂಜೆ 6:45

ಹೊಸ ಯೋಜನೆ ನೋಡಿ. ಪೈರುವೇಟ್ ಇಲ್ಲದ ಮೀಡಿಯಾ. ಮೊದಲ ಡೋಸ್ ಪಿಬಿಎಸ್‌ನಲ್ಲಿ, ಹೋಲಿಕೆಯ ಪ್ಲೇಟಿಗೂ ಪಿಬಿಎಸ್, ಎರಡಕ್ಕೂ ಒಟ್ಟಿಗೆ ಮೀಡಿಯಾ ಬದಲು, ಸೆಲ್ ಎಣಿಕೆ. ಮರುದಿನ ಅಗರೋಸ್‌ನಲ್ಲಿ ಕೂರಿಸಿ, ಒಂದು ಸಾಲಿಗೆ ಐಸ್ ಮೇಲೆ ಪೆರಾಕ್ಸೈಡ್, ಇನ್ನೊಂದು ಸಾಲಿಗೆ ಐಸ್ ಮೇಲೆ ಗಾಮಾ. ಆರು ಸಮಯಬಿಂದು, ಎಫ್‌ಪಿಜಿ ಇದ್ದೂ ಇಲ್ಲದೆಯೂ. ಬೇರೆ ಕವರ್‌ಸ್ಲಿಪ್‌ನಲ್ಲಿ ಎಚ್‌2ಎಎಕ್ಸ್, 30 ನಿಮಿಷ ಮತ್ತು 24 ಗಂಟೆ. ಸ್ಲೈಡಿಗೆ 100 ಕಾಮೆಟ್, ಮೂರು ಪ್ರಯೋಗ, ಅಂದರೆ ಗುಂಪಿಗೆ 300.

ಕೋಶಕೋಶಾಧಿಕಾರಿ | ಭಾನುವಾರ, ರಾತ್ರಿ 7:10

300 ಅಲ್ಲ, 3. ಒಂದು ಪ್ಲೇಟಿನ ನೂರು ಕಾಮೆಟ್‌ಗಳು ನೂರು ಪ್ರಯೋಗಗಳಲ್ಲ. ಪ್ರತಿ ಸ್ಲೈಡಿನ ಮಧ್ಯಕ ತೆಗೆದು ಆ ಮೂರು ಸಂಖ್ಯೆಗಳ ಮೇಲೆ ಪರೀಕ್ಷೆ ಮಾಡಿ. 300 ಎಂದು ಹಾಕಿದರೆ ಎಂಥ ವ್ಯತ್ಯಾಸವೂ ಮಹತ್ವದ್ದಾಗಿ ಬರುತ್ತದೆ. ಸ್ಲೈಡ್‌ಗಳ ಹೆಸರನ್ನು ಬೇರೆಯವರಿಂದ ಮುಚ್ಚಿಸಿ ಎಣಿಸಿ.

ಧಾರವಾಡ_ಪೇಢೆ | ಭಾನುವಾರ, 7:25

ಗಾಮಾ ಕೊಡಾಕ ಬ್ಯಾರೆ ಕಟ್ಟಡಕ್ಕ ಹೋಗೂದಿದ್ರ ಸ್ಲೈಡ್ ಐಸಿನ ಡಬ್ಬಿಯೊಳಗ ಹೋಗ್ಲಿ, ಬರುವಾಗನೂ. ಮತ್ತ ಏನೂ ಕೊಡದ ಒಂದು ಸ್ಲೈಡ್ ಅದ ಡಬ್ಬಿಯೊಳಗ ಹೋಗಿ ಬರ್ಲಿ. ಲೈಸಿಸ್ ಡಬ್ಬಿನೂ ತಣ್ಣಗ ಮಾಡಿ ಜೊತೀಗೆ ಒಯ್ರಿ, ಸೊನ್ನೆ ಸ್ಲೈಡ್ ಅಲ್ಲೇ ಅದರಾಗ ಇಳಸ್ರಿ.